ಎಂಟು ದಿನದ ಇಲಿ

ಆಳಂದದ ತೊಗರಿ ವ್ಯಾಪಾರಿಯ ಮಗಳು ಇಲಿ ಸಾಕುತ್ತೇನೆಂದು ಹಟ ಹಿಡಿದರೆ ಊರವರು ನಗದೆ ಇರುತ್ತಾರೆಯೇ? ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ವರ್ಷವಿಡೀ ತೊಗರಿ ಚೀಲಗಳಿರುತ್ತವೆ. ಚೀಲವಿದ್ದಲ್ಲಿ ಇಲಿ ಇದ್ದೇ ಇರುತ್ತದೆ. ಅವುಗಳೊಡನೆ ಜಗಳವಾಡುತ್ತಲೇ ನನಗೆ ನಲವತ್ತು ದಾಟಿತು.

ನನ್ನ ಒಂಬತ್ತು ವರ್ಷದ ಮಗಳಿಗೆ ಬೇಕಾಗಿದ್ದದ್ದು ಮಾತ್ರ ಹ್ಯಾಮ್‌ಸ್ಟರ್. ಗೆಳತಿಯ ಮನೆಯಲ್ಲಿ ಬೆಳ್ಳಗಿನ, ಗುಂಡಗಿನ, ಇಲಿಯಂಥ ಆ ಸಾಕುಪ್ರಾಣಿಯನ್ನು ನೋಡಿ ಬಂದಿದ್ದಳು. ಅಂದಿನಿಂದ ಊಟಕ್ಕೆ ಕೂತರೂ ಅದೇ ಮಾತು, ಏಳುವಾಗಲೂ ಅದೇ ಮಾತು.

"ಅದು ಇಲಿ ಅಲ್ಲಪ್ಪಾ. ಅದಕ್ಕ ಉದ್ದ ಬಾಲಾನೇ ಇಲ್ಲ," ಎಂದಳು.

"ನಮ್ಮ ಚೀಲ ಕಡಿಯೋದು ಬಾಲ ಏನು? ಹಲ್ಲ ಅದಾವೋ ಇಲ್ಲೋ ಹೇಳು," ಎಂದೆ.

ಒಳಗಿನಿಂದ ನನ್ನ ತಾಯಿ, ಮಗಳ ಪಾಲಿಗೆ ಆಯಿ, ಕೂಗಿದಳು: "ಮಂದಿ ಇಲಿ ಹೋಗ್ಲಿ ಅಂತ ಹರಕೀ ಹೊರ್ತಾರ. ನೀವು ಅಂಗಡ್ಯಾಗ ಕೊಂಡು ತರ್ತೀರಿ? ಛಲೋ ಆತು ತಗೋ!" ಹೆಂಡತಿಯದು ಒಂದೇ ಮಾತು: "ತರೋದು ಬಿಡೋದು ನಿಮಗ ಬಿಟ್ಟದ್ದು. ನಾ ಅಂತೂ ಮುಟ್ಟಾಂಗಿಲ್ಲ."

ಆಗಲೇ ಒಂದು ಯೋಗ ಕೂಡಿಬಂತು. ಗೆಳತಿಯ ಮನೆಯವರು ಎಂಟು ದಿನ ಸೊಲ್ಲಾಪುರಕ್ಕೆ ಮದುವೆಗೆ ಹೊರಟರು. ಅವರ ಹ್ಯಾಮ್‌ಸ್ಟರ್ ನಮ್ಮ ಮನೆಗೆ ಬಂತು; ನನ್ನ ತಾಯಿ ಅದರತ್ತ ಇಣುಕಿಯೂ ನೋಡಲಿಲ್ಲ. ನಾನು ನ್ಯಾಯಾಧೀಶನ ಗತ್ತಿನಲ್ಲಿ ಫೈಸಲಾ ಹೇಳಿದೆ: "ಎಂಟು ದಿನ ನೀನೇ ನೋಡ್ಕೋಬೇಕು. ಒಂದು ತಪ್ಪಾದ್ರೂ ಈ ಮಾತು ಮತ್ತ ಈ ಮನ್ಯಾಗ ಎತ್ತಬಾರದು." ಅವಳು ಗೋಣು ಹಾಕಿದಳು. ಆ ಗೋಣು ಹಾಕಿದ ರೀತಿ ನೋಡಿ, ಇವಳು ಮೂರು ದಿನಕ್ಕೆ ಬೇಸತ್ತರೆ ಸಾಕಪ್ಪಾ ಎಂದು ನಾನು ಒಳಗೊಳಗೇ ಬೇಡಿಕೊಂಡದ್ದು ನಿಜ.

ಅವಳು ಬೇಸರಪಡಲಿಲ್ಲ. ಶಾಲೆಗೆ ಹೋಗುವ ಮುಂಚೆ ನೀರು ಬದಲಿಸುತ್ತಿದ್ದಳು. ಜೋಳದ ಕಾಳು, ಸವತಿಕಾಯಿಯ ಚೂರು ಇಡುತ್ತಿದ್ದಳು. ಅದು ಗಾಜಿನ ಡಬ್ಬಿಯೊಳಗೆ ಎರಡೂ ಗಲ್ಲದಲ್ಲಿ ಕಾಳು ತುಂಬಿಕೊಂಡು ನನ್ನತ್ತ ನೋಡಿದರೆ, ಸಂತೆಗೆ ಬಂದ ಯಾವುದೋ ದಲಾಲಿಯೇ ನೋಡಿದ ಹಾಗಾಗುತ್ತಿತ್ತು. ಅಂಗಡಿಗೆ ಹೋಗುವಾಗ ನಾನೂ ಎರಡು ತೊಗರಿ ಕಾಳು ಹಾಕಿ ಹೋಗತೊಡಗಿದೆ. ಯಾರೂ ನೋಡದಂತೆ, ಅಷ್ಟೇ.

ಐದನೆಯ ದಿನ ಸಂಜೆ ಮಗಳು ಡಬ್ಬಿ ತೊಳೆದಳು. ಅದು ಒಣಗುವವರೆಗೆ ಹ್ಯಾಮ್‌ಸ್ಟರ್ ಅನ್ನು ಎಲ್ಲಿಡುವುದು? ನನಗೆ ಒಂದು ಉಪಾಯ ಹೊಳೆಯಿತು. ಮನೆಯಲ್ಲಿ ಇಲಿ ಹಿಡಿಯುವ ತಂತಿಯ ಬೋನಿತ್ತು. ಗಟ್ಟಿಮುಟ್ಟಾದದ್ದು, ಗಾಳಿಯಾಡುವಂಥದ್ದು.

"ಬ್ಯಾಡಪ್ಪಾ, ಅದು ಬೋನು," ಎಂದಳು ಮಗಳು.

"ಒಂದು ರಾತ್ರಿ ಮಾತು. ನನಗ ಗೊತ್ತಿಲ್ಲೇನು?"

"ಬ್ಯಾಡ ಅಂದ್ನಲ್ಲ."

"ಸುಮ್ಮಿರು ಬೇ," ಎಂದು ಅದನ್ನು ಬೋನಿಗೆ ಹಾಕಿ, ಬೋನು ಯಾವಾಗಲೂ ಇರುತ್ತಿದ್ದ ಚೀಲಗಳ ಪಕ್ಕದಲ್ಲೇ ಇಟ್ಟು ಮಲಗಿದೆ.

ಇಲ್ಲಿ ನನ್ನ ತಾಯಿಯ ಒಂದು ಪದ್ಧತಿ ಹೇಳಬೇಕು. ನಮ್ಮ ಮನೆಯಲ್ಲಿ ಇಲಿಯನ್ನು ಕೊಲ್ಲುವುದಿಲ್ಲ. ಬೋನಿಗೆ ಬಿದ್ದದ್ದನ್ನು ನಸುಕಿನಲ್ಲಿ ಅವಳೇ ಒಯ್ದು, ಹಳ್ಳ ದಾಟಿಸಿ, ನಮ್ಮ ಜೊತೆ ಬದುವಿನ ತಕರಾರು ತೆಗೆದ ಪುಣ್ಯಾತ್ಮನ ಹೊಲದಲ್ಲಿ ಬಿಡುತ್ತಾಳೆ. ಇಲಿಗೆ ದಾರಿ ತಿಳಿದರೆ ಮರಳಿ ಬರುತ್ತದೆಂದು ಮೊದಲೇ ಬೋನಿಗೆ ಹಳೆಯ ಸೀರೆಯ ತುಂಡು ಸುತ್ತುತ್ತಾಳೆ. ಸುತ್ತುವಾಗ ಒಳಗೆ ನೋಡುವುದೂ ಇಲ್ಲ, ಇಲಿ ನಮ್ಮ ಮುಖ ಗುರುತು ಹಿಡಿಯುತ್ತದಂತೆ. ಇಷ್ಟು ವರ್ಷದ ಈ ಪದ್ಧತಿ ಆ ರಾತ್ರಿ ನನ್ನ ತಲೆಗೆ ಯಾಕೆ ಬರಲಿಲ್ಲವೋ ದೇವರಿಗೇ ಗೊತ್ತು.

ಬೆಳಿಗ್ಗೆ ಮಗಳ ಕಿರುಚಾಟಕ್ಕೆ ಎದ್ದೆ. ಬೋನೂ ಇಲ್ಲ, ಆಯಿಯೂ ಇಲ್ಲ. ಹುಡುಗಿ ಆಗಲೇ ಬಾಗಿಲು ದಾಟಿದ್ದಳು. ನಾನು ಬರಿಗಾಲಲ್ಲಿ ಅವಳ ಹಿಂದೆ ಓಡಿದೆ. ಚಹಾದಂಗಡಿಯಲ್ಲಿ ಕೂತವರು "ಏನಾಯ್ತ್ರಿ ಸಾವ್ಕಾರ್ರ?" ಎಂದು ಕೇಳಿದರು. ಇಲಿ ಕಳೆದಿದೆ ಎಂದು ತೊಗರಿ ವ್ಯಾಪಾರಿ ಯಾವ ಬಾಯಲ್ಲಿ ಹೇಳಬೇಕು? ಓಡುತ್ತಲೇ ಇದ್ದೆ. ಮುಂದೆ ಓಡುತ್ತಿದ್ದ ಮಗಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಹಳ್ಳದ ಆಚೆ ಬದುವಿನ ಮೇಲೆ ನನ್ನ ತಾಯಿ ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಬೋನು, ಬಾಗಿಲು ತೆರೆದಿತ್ತು. ಒಳಗೆ ಹ್ಯಾಮ್‌ಸ್ಟರ್ ಆರಾಮಾಗಿ ರೊಟ್ಟಿಯ ಚೂರು ತಿನ್ನುತ್ತಿತ್ತು.

"ಇದ್ಯಾವ ಇಲಿ ಲೇ?" ಎಂದು ನನ್ನನ್ನು ನೋಡಿದ್ದೇ ಶುರುಮಾಡಿದಳು. "ಬಾಗಲಾ ತೆಗದು ಎಷ್ಟೊತ್ತಾತು, ಹೊರಗ ಹೋಗವಲ್ದು. ಏನಪ್ಪಾ ಇದು ಅಂತ ಬಗ್ಗಿ ನೋಡಿದ್ರ ಮೈಯೆಲ್ಲಾ ನರತದ! ವಯಸ್ಸಾಗ್ಯಾದ ಪಾಪ, ನಡೀಲಿಕ್ಕಿ ಆಗಾಂಗಿಲ್ಲ ಅಂತ ಉಡ್ಯಾಗಿದ್ದ ರೊಟ್ಟಿ ಹಾಕ್ದೆ. ಇಂಥ ಮುದುಕೀನ ಹದ್ದಿನ ಬಾಯಿಗಿ ಬಿಟ್ಟು ಹ್ಯಾಂಗ ಬರ್ಲಿ?"

ಮಗಳು ಬೋನನ್ನು ಎದೆಗವಚಿಕೊಂಡಳು. ಅದು ಯಾವ ಇಲಿ ಎಂದು ತಿಳಿದಾಗ ತಾಯಿ ಹಣೆ ಚಚ್ಚಿಕೊಂಡಳು. ಮರುಕ್ಷಣವೇ ನನ್ನತ್ತ ತಿರುಗಿ, "ಮನಿಗಿ ಬಂದ ಪಾವಣ್ಯಾನ ಬೋನ್ಯಾಗ ಹಾಕ್ದವ ಯಾವ ಶಾಣ್ಯಾ?" ಎಂದು ಕೇಳಿದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ನಾನು ಬದುವಿನ ಹುಲ್ಲು ನೋಡುತ್ತ ನಿಂತೆ.

ಅಂದಿನಿಂದ ತಾಯಿಯ ಪಕ್ಷಾಂತರವಾಯಿತು. "ಮುದುಕಿ ಉಂಡಳೇನು?" ಎಂದು ದಿನಾ ಕೇಳುವಳು. ಎಂಟನೆಯ ದಿನ ಹ್ಯಾಮ್‌ಸ್ಟರ್ ತನ್ನ ಮನೆಗೆ ಹೋಯಿತು. ಡಬ್ಬಿ ಇಟ್ಟಿದ್ದ ಜಾಗ ಖಾಲಿಯಾಗಿತ್ತು. ನನಗೇ ಕೈಯಲ್ಲಿ ತೊಗರಿ ಕಾಳು ಹಿಡಿದು ಎಲ್ಲಿ ಹಾಕಲಿ ಎನ್ನಿಸಿತು. ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ?

ಸಂಜೆ ಮಗಳನ್ನು ಕರೆದು ದೊಡ್ಡ ಮನಸ್ಸು ಮಾಡಿದವನಂತೆ ಹೇಳಿದೆ: "ನೀ ಪಾಸಾದಿ. ಐತವಾರ ಕಲಬುರಗಿಗಿ ಹೋಗಿ ನಿನಗೊಂದು ತರೋಣ."

ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಂಬಕ್ಕೆ ಒರಗಿ ನಿಂತಳು.

"ಈಗ ಬ್ಯಾಡ."

"ಯಾಕ? ಬೇಸರಾತೇನು?"

"ಬೇಕು. ಭಾಳ ಬೇಕು," ಎಂದಳು. "ಆದ್ರ ಬೋನ್ಯಾಗ ಇಡಬ್ಯಾಡ ಅಂತ ನಾ ಎರಡು ಸಲ ಹೇಳ್ದೆ. ನೀ ಕೇಳಲಿಲ್ಲ. ಅದು ಸತ್ತಿದ್ರ ನಾ ಗೆಳತೀಗಿ ಏನು ಹೇಳ್ತಿದ್ದೆ? ಅದಕ್ಕಂತೂ ಮಾತು ಬರಾಂಗಿಲ್ಲ. ಅದರ ಪರವಾಗಿ ನಾ ಹೇಳಿದ್ರೂ ಈ ಮನ್ಯಾಗ ಯಾರೂ ಕೇಳಾಂಗಿಲ್ಲ ಅಂದ್ರ, ಅದನ್ನ ಯಾಕ ತರಬೇಕು?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳು ಕೇಳುತ್ತಿದ್ದದ್ದು ಇಲಿಯ ವಿಷಯವಷ್ಟೇ ಅಲ್ಲ, ಅದು ನನಗೂ ತಿಳಿಯಿತು.

"ಕೇಳ್ತೇನಿ," ಎಂದೆ.

"ಸುಮ್ಮಿರು ಬೇ ಅನ್ನಾಂಗಿಲ್ಲ?"

"ಅನ್ನಾಂಗಿಲ್ಲ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಎಷ್ಟೋ ಜನರ ಎದುರು ಮಾತು ಕೊಟ್ಟವನು ನಾನು. ಆದರೆ ಕೊಟ್ಟ ಮಾತನ್ನು ತಗೊಳ್ಳುತ್ತಾರೋ ಇಲ್ಲವೋ ಎಂದು ಹೆದರಿ ನಿಂತದ್ದು ಅದೇ ಮೊದಲು.

"ಹಂಗಾದ್ರ ಐತವಾರ ಹೋಗೋಣ," ಎಂದಳು.