ಫೈನಾನ್ಸ್ ಕಂಪನಿ ಏನ್ ಮಾಡ್ತೈತ್ರಿ?

ಎಂಬತ್ತರ ದಶಕದ ನಡುವೆ ನಾನು ಇಳಕಲ್ಲಿನ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸಲು ಸೇರಿದೆ. ಷೇರುಪೇಟೆಯನ್ನು ಕಣ್ಣಾರೆ ಕಂಡವಳಲ್ಲ. ಪತ್ರಿಕೆಯ ಷೇರು ದರದ ಪುಟವೇ ನನಗೆ ಪೇಟೆ. ಅದನ್ನೇ ತರಗತಿಗೆ ಒಯ್ದು, ಕಂಪನಿಗಳನ್ನು ಉದ್ಯಮವಾರು ವಿಂಗಡಿಸಲು ಹೇಳಿದೆ. ಸಿಮೆಂಟು, ಜವಳಿ, ಸಕ್ಕರೆ ಸರಸರ ಬಂದವು. ಫೈನಾನ್ಸ್ ಕಂಪನಿಗಳ ಹತ್ತಿರ ಎಲ್ಲರೂ ತಡೆದರು.

ಗುಡೂರಿನಿಂದ ಬಸ್ಸಿಗೆ ಬರುತ್ತಿದ್ದ, ಕುರಿ ಸಾಕುವ ಮನೆಯ ಹುಡುಗಿ ಎದ್ದು ನಿಂತಳು. "ಸಿಮೆಂಟ್ ಕಂಪನಿ ಸಿಮೆಂಟ್ ಮಾಡ್ತೈತ್ರಿ ಮೇಡಂ. ಇದು ಏನ್ ಮಾಡ್ತೈತ್ರಿ?"

"ಹಣಕಾಸಿನ ವ್ಯವಹಾರ," ಎಂದೆ.

"ಅಂದ್ರ?"

ನನ್ನ ಬಳಿ ಇದ್ದದ್ದು ಪುಸ್ತಕದ ವ್ಯಾಖ್ಯೆ. ಅದನ್ನೇ ಹೇಳಿದೆ. ಅವಳು ಕೂತಳು, ಆದರೆ ಒಪ್ಪಿರಲಿಲ್ಲ. ನನಗೂ ಸಮಾಧಾನವಾಗಲಿಲ್ಲ.

ಆ ಶನಿವಾರ ಚೊಳಚಗುಡ್ಡದ ತವರಿಗೆ ಹೊರಟಿದ್ದೆ. ಬಸ್ಸು ದಾರಿಯಲ್ಲಿ ಚಹಾಕ್ಕೆ ನಿಂತಿತು. ಪಕ್ಕದಲ್ಲಿ ಕೆಂಪು ಕಲ್ಲು ಹೇರಿದ ಹೊಸ ಲಾರಿ. ಅದರ ಬಾಗಿಲ ಮೇಲೆ ಒಬ್ಬರ ಹೆಸರು, ಕೆಳಗೆ ಫೈನಾನ್ಸ್ ಕಂಪನಿಯೊಂದರ ಹೆಸರು. ಲಾರಿಗೆ ಒರಗಿ ನಿಂತಿದ್ದವನನ್ನು ಕೇಳಿದೆ: "ಗಾಡಿ ನಿಮ್ದೋ, ಕಂಪನೀದೋ?"

"ನಂದ್ರಿ! ರೊಕ್ಕ ಅಷ್ಟ ಅವರ್ದು. ಕಂತು ಮುಗದ್ರ ಅವರ ಹೆಸರು ಅಳಸ್ತೇನಿ," ಎಂದು ನಕ್ಕ.

ಬಸ್ಸು ಹತ್ತಿದ ಮೇಲೂ ನನಗೆ ನಗು ತಡೆಯಲಾಗಲಿಲ್ಲ. ಪಾಠ ಸಿಕ್ಕಿತ್ತು.

ಸೋಮವಾರ ಹಲಗೆಯ ಮೇಲೆ ಸೊಟ್ಟಪಟ್ಟ ಲಾರಿ ಬರೆದೆ. ತಯಾರಿಸಿದವರು ಯಾವ ಗುಂಪು? "ವಾಹನ ಉದ್ಯಮ್ರಿ." ಬಾಡಿಗೆಗೆ ಓಡಿಸುವ ಕಂಪನಿ? "ಸಾರಿಗಿ." ಕೊಳ್ಳಲು ರೊಕ್ಕ ಕೊಟ್ಟವರು?

"ಫೈನಾನ್ಸ್!" ಗುಡೂರಿನ ಹುಡುಗಿ ಕೂಗಿಯೇಬಿಟ್ಟಳು. "ಅವರ ಮಾಲ ರೊಕ್ಕರಿ. ಕಡಿಮಿ ಬಡ್ಡಿಗೆ ತರ್ತಾರ, ಹೆಚ್ಚಿನ ಬಡ್ಡಿಗೆ ಕೊಡ್ತಾರ. ನಡುವ ಉಳದದ್ದು ಲಾಭ."

"ಹಂಗಾದ್ರ ಬ್ಯಾಂಕೂ ಇದ ಗುಂಪಲ್ರಿ?" ಎಂದಳು ಅವಳ ಗೆಳತಿ.

ಹೌದು, ವಿಮೆಯೂ ಅದೇ ಗುಂಪು ಎಂದೆ. ದೊಡ್ಡ ಬ್ಯಾಂಕುಗಳು, ವಿಮೆ ಆಗ ಸರ್ಕಾರದ ಕೈಯಲ್ಲಿದ್ದವು; ಅವುಗಳ ಷೇರು ಪೇಟೆಗೆ ಬರುತ್ತಿರಲಿಲ್ಲ, ಹಾಗಾಗಿ ನಮ್ಮ ಪುಟದಲ್ಲಿ ಹೆಸರಿರಲಿಲ್ಲ. ಕೊಟ್ಟ ಸಾಲ ಮರಳದಿದ್ದರೆ ಏನಾಗುತ್ತದೆ ಎಂಬ ಚರ್ಚೆ ಮರುದಿನಕ್ಕೂ ಹರಿಯಿತು.

ಪರೀಕ್ಷೆ ಮುಗಿದ ಮೇಲೆ ಆ ಹುಡುಗಿ ಒಮ್ಮೆ ಮನೆಗೆ ಬಂದಳು. ಅವಳ ಅಣ್ಣ ಉಣ್ಣೆ, ಕಾಳು ಸಾಗಿಸಲು ಟೆಂಪೋ ಕೊಳ್ಳುವವನಿದ್ದ.

"ಫೈನಾನ್ಸ್‌ನವರ ಕಡೆ ಅವನ ಜೋಡಿ ನಾನೂ ಹೋಗಿದ್ದೆರಿ," ಎಂದಳು. "ಬಡ್ಡಿ ಹೆಂಗ ಹಾಕ್ತೀರಿ, ಗಡುವಿಗಿಂತ ಮೊದಲ ತೀರಿಸಿದ್ರ ಎಷ್ಟ ಬಿಡ್ತೀರಿ, ಎಲ್ಲಾ ಕೇಳಿದೆ. ಅವರು ನನಗ ಖುರ್ಚಿ ಹಾಕಿದ್ರು!"