ಭಾಗ್ಯಕ್ಕ ನಂಬಿದ ಮ್ಯಾಗಜಿನ್ನು

ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರಲ್ಲ, ಭಾಗ್ಯಕ್ಕ ರೈಫಲ್ಲಿನ ಮ್ಯಾಗಜಿನ್ನನ್ನು ಹಾಗೆ ಅಲ್ಲಾಡಿಸುತ್ತಿದ್ದರು. ಕಣ್ಣು ಅರ್ಧ ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ, ಒಳಗಿನ ಸ್ಪ್ರಿಂಗು ಏನೋ ದೂರು ಹೇಳುತ್ತಿದೆ ಎಂಬಂತೆ ಕೇಳಿಸಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಮಾತ್ರ ಅವರು ನಿಂತಲ್ಲಿ ನಿಲ್ಲುತ್ತಿದ್ದುದು. ಉಳಿದ ಹೊತ್ತೆಲ್ಲ ಓಡಾಟ. ಗುರಿ ಅಭ್ಯಾಸ ಮಾಡುವ ನಮ್ಮ ರೇಂಜಿನ ತಗಡಿನ ಚಾವಣಿಯ ಕೆಳಗೆ ಈ ತುದಿಯಿಂದ ಆ ತುದಿಗೆ ಹೋಗುವರು, ಬರುವರು, ಯಾರದೋ ಚಾಪೆ ಸರಿಮಾಡುವರು, ಯಾರದೋ ಮೊಣಕೈ ನೋಡಿ ಗೊಣಗುವರು. ಚಹಾ ಲೋಟ ಕೈಗೆ ಕೊಟ್ಟರೆ ಅದನ್ನೂ ನಡೆಯುತ್ತಲೇ ಕುಡಿಯುವರು. ರೈಫಲ್ ಹಿಡಿದು ಚಾಪೆಯ ಮೇಲೆ ಮಲಗಿದಾಗ ಮಾತ್ರ ಈ ಹೆಂಗಸು ಅಲುಗಾಡದೆ ಇರಬಲ್ಲರು ಎಂಬುದು ನಮಗೆಲ್ಲ ಸೋಜಿಗ.

ಅರಕಲಗೂಡಿನ ಕಡೆಯ ದೊಡ್ಡ ಒಕ್ಕಲುತನದ ಮನೆಯವರು. ಹೊಗೆಸೊಪ್ಪು, ಶುಂಠಿ, ಆಲೂಗಡ್ಡೆ ಬೆಳೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರ ರೈಫಲ್ಲಿನ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಮೈದುನಂದಿರು ಬೇಡವೆಂದರಂತೆ. ಮನೆಯಲ್ಲಿ ಸುಮ್ಮನೆ ಬಿದ್ದಿರುವ ವಸ್ತು ಎಂದರೆ ಇವರಿಗೆ ಆಗದು. ಭಾನುವಾರ ಬೆಳಿಗ್ಗೆ ತಾವೇ ಜೀಪು ಓಡಿಸಿಕೊಂಡು ಹಾಸನದ ಹೊರಗೆ, ಮೊಸಳೆ ಎಂಬ ಊರಿನ ದಾರಿಯಲ್ಲಿದ್ದ ನಮ್ಮ ಕ್ಲಬ್ಬಿನ ರೇಂಜಿಗೆ ಬರತೊಡಗಿದರು. ನಾನು ಸೇರುವ ಹೊತ್ತಿಗೆ ಜಿಲ್ಲೆಯಲ್ಲಿ ಅವರನ್ನು ಮೀರಿಸುವವರು ಕಡಿಮೆಯಿದ್ದರು.

ನಾನು ನುಗ್ಗೇಹಳ್ಳಿಯವಳು, ಹಾಸನದ ಒಂದು ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಎನ್‌ಸಿಸಿಯಲ್ಲಿದ್ದಾಗ ಹತ್ತಿದ ಗುರಿಯ ಹುಚ್ಚು ಮದುವೆಯಾದ ಮೇಲೂ ಬಿಡಲಿಲ್ಲ. ಕ್ಲಬ್ಬಿನ ಮೊದಲ ಸ್ಪರ್ಧೆಯಲ್ಲಿ ಎರಡು ಗುಂಡು ಚೆನ್ನಾಗಿ ಹೋದವು. ಮೂರನೆಯದು ಒಳಗೆ ಸಿಕ್ಕಿಕೊಂಡಿತು. ಕೈ ಎತ್ತಿದೆ. ಮೇಲ್ವಿಚಾರಕರು ಬಂದು ಬಿಡಿಸಿಕೊಟ್ಟರು. ನಾಲ್ಕನೆಯದೂ ಹಾಗೆಯೇ ಆಯಿತು. ಸ್ಪರ್ಧೆ ಮುಗಿದ ಮೇಲೆ ಒಂದು ಮೂಲೆಯಲ್ಲಿ ಕಣ್ಣು ತುಂಬಿಕೊಂಡು ನಿಂತಿದ್ದೆ. ಭಾಗ್ಯಕ್ಕ ಬಂದು ನನ್ನ ಮುಖವನ್ನೂ ನೋಡದೆ ಮ್ಯಾಗಜಿನ್ ಕೇಳಿದರು. ಅಲ್ಲಾಡಿಸಿದರು. ಬೆಳಕಿಗೆ ಹಿಡಿದರು.

"ಅಳಬ್ಯಾಡ ಕಣಮ್ಮಿ. ತಪ್ಪು ನಿಂದಲ್ಲ, ಈ ಡಬ್ಬಿದು."

ಮ್ಯಾಗಜಿನ್ ಎಂದರೆ ರೈಫಲ್ಲಿನ ಹೊಟ್ಟೆಗೆ ಕೆಳಗಿನಿಂದ ಸಿಕ್ಕಿಸುವ ಒಂದು ಚಿಕ್ಕ ತಗಡಿನ ಡಬ್ಬಿ. ನಮ್ಮದರಲ್ಲಿ ಐದು ಗುಂಡು ಹಿಡಿಯುತ್ತವೆ. ತಳದ ಸ್ಪ್ರಿಂಗು ಅವನ್ನು ಮೇಲಕ್ಕೆ ತಳ್ಳುತ್ತದೆ, ಬಾಯಲ್ಲಿರುವ ಎರಡು ತುಟಿಗಳು ಮೇಲಿನ ಗುಂಡನ್ನು ನೆಟ್ಟಗೆ ಹಿಡಿದಿರುತ್ತವೆ. ಆ ತುಟಿ ಕೂದಲೆಳೆಯಷ್ಟು ಸೊಟ್ಟಗಾದರೂ ಗುಂಡಿನ ಮೂತಿ ತಗುಲಿಕೊಳ್ಳುತ್ತದೆ. ನನ್ನದರಲ್ಲಿ ಆಗಿದ್ದೂ ಅದೇ. ಐವತ್ತು ಮೀಟರ್ ದೂರದ ಚುಕ್ಕೆಗೆ ಉಸಿರು ಕಟ್ಟಿ ಗುರಿಯಿಡುವವಳು ಕೈಯ ಕೆಳಗಿನ ಡಬ್ಬಿಯನ್ನು ಒಮ್ಮೆಯೂ ನೋಡಿರಲಿಲ್ಲ.

ಮುಂದಿನ ವಾರವೇ ನನ್ನನ್ನು ಹಾಸನದ ಬಂದೂಕಿನ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯ ಶಿವಲಿಂಗಪ್ಪನವರು ಹಣೆಗೆ ವಿಭೂತಿ ಧರಿಸಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹಿರಿಯರು. ಇವರನ್ನು ಕಂಡೊಡನೆ ಒಂದು ನಿಟ್ಟುಸಿರು ಬಿಟ್ಟು, ಇದ್ದ ಮ್ಯಾಗಜಿನ್ನುಗಳನ್ನೆಲ್ಲ ಗಾಜಿನ ಮೇಜಿನ ಮೇಲೆ ಪೇಪರ್ ಹಾಸಿ ಹರಡಿದರು. ಭಾಗ್ಯಕ್ಕ ಒಂದೊಂದನ್ನೇ ಎತ್ತಿ ತುಟಿಗಳ ಮೇಲೆ ಉಗುರಾಡಿಸಿದರು, ಸ್ಪ್ರಿಂಗಿನ ಮೇಲಿರುವ ಒಳತಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟು ಅದು ತಡವರಿಸದೆ ಮೇಲೇಳುತ್ತದೆಯೇ ನೋಡಿದರು, ನನ್ನ ರೈಫಲ್ಲಿಗೆ ಸಿಕ್ಕಿಸಿ ಸಡಿಲವಿದೆಯೇ ಎಂದು ಅಲುಗಿಸಿದರು.

ಶಿವಲಿಂಗಪ್ಪನವರಿಗೆ ತಡೆಯಲಾಗಲಿಲ್ಲ. "ಏನಮ್ಮಾ, ಹೆಣ್ಣು ನೋಡೋಕೆ ಬಂದಂಗೆ ನೋಡ್ತೀರಲ್ಲ."

"ಎಣ್ಣು ನೋಡಾಕೆ ಬಂದೋರು ಇಷ್ಟು ನೋಡಾಕಿಲ್ಲ ಕಣಣ್ಣ. ಅದ್ಕೇ ಆಮ್ಯಾಕೆ ಒದ್ದಾಡೋದು" ಎಂದರು ತಲೆಯೆತ್ತದೆ.

ನಾನು ಹೊಳೆಯುತ್ತಿದ್ದ ಒಂದು ವಿದೇಶಿ ಮ್ಯಾಗಜಿನ್ನನ್ನು ಎತ್ತಿಕೊಂಡೆ. ಅದನ್ನು ನನ್ನ ಕೈಯಿಂದ ಕಿತ್ತು ಪಕ್ಕಕ್ಕಿಟ್ಟರು. ಹೆಸರು ನೋಡಿ ತಗೊಳ್ಳಬೇಡ, ನಿನ್ನ ರೈಫಲ್ಲಿಗೆ ಅದು ಕೂರುತ್ತದೆಯೇ ನೋಡು ಎಂಬುದು ಅವರ ಮೊದಲ ಪಾಠ. ಎರಡನೆಯದು, ಸ್ಪರ್ಧೆಯಲ್ಲಿ ಯಾವ ಗುಂಡು ಹಾಕುತ್ತೀಯೋ ಅಭ್ಯಾಸದಲ್ಲೂ ಅದನ್ನೇ ಹಾಕು, ಒಂದಕ್ಕೆ ಒಗ್ಗಿದ ಡಬ್ಬಿ ಇನ್ನೊಂದಕ್ಕೆ ಮುನಿಸಿಕೊಳ್ಳುತ್ತದೆ. ಆ ದಿನ ಎರಡನ್ನು ಆರಿಸಿಕೊಟ್ಟರು. ಅವಕ್ಕೂ ಅವರ ನಂಬಿಕೆ ಸಿಕ್ಕಿರಲಿಲ್ಲ. ಜೀಪಿನಲ್ಲಿ ಕೂತೊಡನೆ ಚೀಲದಿಂದ ಉಗುರುಬಣ್ಣದ ಬಾಟಲಿ ತೆಗೆದು ಎರಡರ ತಳಕ್ಕೂ ಕೆಂಪು ಚುಕ್ಕೆ ಇಟ್ಟರು. ಕೆಂಪು ಎಂದರೆ ಅಭ್ಯಾಸಕ್ಕೆ ಮಾತ್ರ. ತಿಂಗಳುಗಟ್ಟಲೆ ಒಮ್ಮೆಯೂ ಕೈಕೊಡದಿದ್ದರೆ ಆ ಚುಕ್ಕೆ ಅಳಿಸಿ ಹಸಿರು. ಹಸಿರಿನದು ನೆಲಕ್ಕೆ ಬಿದ್ದರೆ ಮತ್ತೆ ಕೆಂಪು. ಅದರಲ್ಲಿ ದಾಕ್ಷಿಣ್ಯವಿಲ್ಲ. ಅವರ ಕೈಬೆರಳುಗಳಿಗೆ ಮಾತ್ರ ಬಣ್ಣ ಹಚ್ಚಿದ್ದನ್ನು ಯಾರೂ ಕಂಡಿಲ್ಲ.

"ನಂಬಾಕಾಗ್ದೇ ಇರೋದು ರೇಂಜಿಗೆ ಬರಬಾರ್ದು ಕಣಮ್ಮಿ" ಎನ್ನುತ್ತಿದ್ದರು. ಕ್ಲಬ್ಬಿನಲ್ಲಿ ಇದನ್ನು ಅಣಕಿಸದವರಿಲ್ಲ, ಪಾಲಿಸದವರೂ ಇಲ್ಲ.

ಆಮೇಲಿನ ವರ್ಷ ಚನ್ನರಾಯಪಟ್ಟಣದ ಹೊರಗೆ ತೆಂಗಿನಕಾಯಿಗೆ ಗುರಿ ಹೊಡೆಯುವ ಸ್ಪರ್ಧೆ ಇತ್ತು. ದೊಡ್ಡ ಮಣ್ಣಿನ ದಿಬ್ಬದ ಮುಂದೆ ಸಾಲಾಗಿ ಕಾಯಿ ಕಟ್ಟಿರುತ್ತಾರೆ. ಕೊಟ್ಟ ಸಮಯದೊಳಗೆ ಐದು ಗುಂಡು ಹಾರಿಸಬೇಕು. ಪ್ರತಿ ಗುಂಡಿಗೂ ಬೋಲ್ಟನ್ನು, ಅಂದರೆ ನಳಿಗೆಯ ಹಿಂದಿನ ಅಗುಳಿಯನ್ನು, ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು, ಆಗಲೇ ಮುಂದಿನ ಗುಂಡು ಮ್ಯಾಗಜಿನ್ನಿನಿಂದ ನಳಿಗೆಗೆ ಏರುವುದು. ಹಿಂದಿನ ಸಲ ಗೆದ್ದವರು ಭಾಗ್ಯಕ್ಕ. ಈ ಸಲವೂ ಅವರ ಮೊದಲ ಕಾಯಿ ಒಡೆಯಿತು, ಎರಡನೆಯದೂ ಒಡೆಯಿತು. ಮೂರನೆಯ ಸಲ ಒಣ ಸದ್ದು ಕೇಳಿಸಿತು ಅಷ್ಟೆ. ಗುಂಡು ಏರಿರಲಿಲ್ಲ. ಅವರು ಬೋಲ್ಟ್ ತೆರೆದಿಟ್ಟು, ನಳಿಗೆಯನ್ನು ದಿಬ್ಬದ ಕಡೆಗೇ ಇರಿಸಿ, ಕೈ ಎತ್ತಿದರು. ಸಮಯ ಮುಗಿಯಿತು.

ವಾಪಸು ಬರುವಾಗ ಹಾಸನ ಮುಟ್ಟುವ ಮೊದಲು ಜೀಪು ನಿಲ್ಲಿಸಿ, ಬಹಳ ವರ್ಷದ ಆ ಹಸಿರು ಚುಕ್ಕೆಯ ಮ್ಯಾಗಜಿನ್ನಿಗೆ ಕೆಂಪು ಬಳಿದರು.

ಅಲ್ಲಿಂದ ಅವರ ತಳಮಳ ನೋಡುವುದಕ್ಕಾಗುತ್ತಿರಲಿಲ್ಲ. ಸ್ಪ್ರಿಂಗು ಬದಲಿಸಿದರು. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರು. ಎರಡು ವಾರ ಸರಿಯಿರುವುದು, ಮೂರನೆಯ ವಾರ ಮತ್ತೆ ಒಣ ಸದ್ದು. ಶಿವಲಿಂಗಪ್ಪನವರಿಂದ ಹೊಸತು ತರಿಸಿದರು. ಮೈಸೂರಿಗೆ ಹೋಗಿ ಇನ್ನೊಂದು ತಂದರು. ಒಂದಾದ ಮೇಲೊಂದಕ್ಕೆ ಕೆಂಪು ಚುಕ್ಕೆ ಬಿತ್ತು. ನಾನು ಬೆಳಿಗ್ಗೆ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿರುವಾಗ ಫೋನ್ ಮಾಡಿ, ಗುಂಡಿನ ಮೇಲಿನ ಮೇಣ ಜಾಸ್ತಿಯಾಗಿರಬಹುದೇ ಎನ್ನುವರು. ಮಧ್ಯಾಹ್ನ ಮತ್ತೆ ಮಾಡಿ, ಬಿಸಿಲಿಗೆ ತಗಡು ಹಿಗ್ಗಿರಬಹುದೇ ಎನ್ನುವರು. ಈಗಿನ ಕಾಲದ ಕೆಲಸವೇ ಸರಿಯಿಲ್ಲ ಎಂದು ಕಾರ್ಖಾನೆಯವರನ್ನು ಬೈಯುವರು.

ನನಗೆ ಅನುಮಾನ ಬಂದದ್ದು ರೇಂಜಿನಲ್ಲಲ್ಲ, ಅವರ ಮನೆಯ ಜಗಲಿಯಲ್ಲಿ. ಅವರೆಕಾಳು ಸುಲಿಯುತ್ತ ಕೂತಿದ್ದೆವು. ಅವರ ಬಲಗೈ ಮಡಿಲಲ್ಲಿ ಸುಮ್ಮನಿದ್ದಾಗಲೂ ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ತಾನು ತೋರುಬೆರಳನ್ನು ಉಜ್ಜುತ್ತಿತ್ತು. ಸದಾ ಏನಾದರೊಂದು ಮಾಡುತ್ತಿದ್ದ ಕೈ, ಇದನ್ನು ಯಾರು ಗಮನಿಸಿಯಾರು? ಮುಂದಿನ ಭಾನುವಾರ ಅವರ ಗುರಿಪಟ ನೋಡದೆ ಕೈಯನ್ನೇ ನೋಡಿದೆ. ಬೋಲ್ಟನ್ನು ಅವರು ಪೂರ್ತಿ ಹಿಂದಕ್ಕೆ ಎಳೆಯುತ್ತಿರಲಿಲ್ಲ. ಒಂದು ಬೆರಳಿನಗಲ ಉಳಿದುಬಿಡುತ್ತಿತ್ತು. ಅಷ್ಟು ಉಳಿದರೆ ಬೋಲ್ಟು ಗುಂಡಿನ ಬೆನ್ನಿಗೆ ಸಿಗದೆ ಅದರ ಮೇಲೆಯೇ ಜಾರಿಹೋಗುತ್ತದೆ.

ಹೇಳುವುದು ಹೇಗೆ? ಒಂದು ವಾರವೆಲ್ಲ ನನಗೆ ಅದೇ ಚಿಂತೆ. ಹೇಳುವ ಕಷ್ಟವನ್ನು ಅವರೇ ತಪ್ಪಿಸಿದರು. ಮುಂದಿನ ಭಾನುವಾರ ಕೆಂಪು ಚುಕ್ಕೆಯ ಮ್ಯಾಗಜಿನ್ನುಗಳನ್ನೆಲ್ಲ ನನ್ನ ಚಾಪೆಯ ಪಕ್ಕ ಸುರಿದು, ತಮ್ಮ ರೈಫಲ್ಲನ್ನು ನನ್ನ ಮುಂದಿಟ್ಟು, ಹೊಡಿ ಎಂದರು. ಅವರಿಗೂ ಒಳಗೊಳಗೇ ಗೊತ್ತಾಗಿತ್ತೇನೋ. ಮೊದಲನೆಯದು ಸರಾಗವಾಗಿ ಖಾಲಿಯಾಯಿತು. ಎರಡನೆಯದೂ ಆಯಿತು. ಒಂದೂ ಸಿಕ್ಕಿಕೊಳ್ಳಲಿಲ್ಲ. ನಡುವೆ ಒಮ್ಮೆ, ಬೇಕೆಂದೇ ಬೋಲ್ಟನ್ನು ಅರ್ಧಕ್ಕೆ ಎಳೆಯಲೇ, ಈ ಹೆಂಗಸಿನ ಮಾನ ಉಳಿಯಲಿ ಎಂದು ಯೋಚಿಸಿದೆ. ನನ್ನ ಹಿಂದೆ ಅವರ ಓಡಾಟ ನಿಂತುಹೋಗಿತ್ತು. ಕೈ ಬರಲಿಲ್ಲ, ಪೂರ್ತಿಯೇ ಎಳೆದೆ.

"ಇನ್ನೊಂದ್ಸಲ ಒಡಿ" ಎಂದರು.

ಹೊಡೆದೆ. ಎಲ್ಲವೂ ಸರಾಗ.

ರೈಫಲ್ ಖಾಲಿ ಮಾಡಿ, ಬೋಲ್ಟ್ ತೆರೆದಿಟ್ಟು ಎದ್ದೆ. ಭಾಗ್ಯಕ್ಕ ತಮ್ಮ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗಡಿಯಲ್ಲಿ ಮ್ಯಾಗಜಿನ್ ನೋಡುತ್ತಿದ್ದ ಹಾಗೆ ಹಿಂದುಮುಂದು ತಿರುಗಿಸಿ ನೋಡುತ್ತಿದ್ದರು.

"ಎಲ್ಲಾ ಡಬ್ಬಿಗೂ ಕೆಂಪು ಬಳ್ದೆ ಕಣಮ್ಮಿ. ಬಳೀಬೇಕಾಗಿದ್ದು ಇದ್ಕೆ."

ನಾನು ಏನೇನೋ ಹೇಳಿದೆ. ಡಾಕ್ಟರಿಗೆ ತೋರಿಸೋಣ, ಸುಸ್ತಿರಬಹುದು, ಈಗ ಒಳ್ಳೊಳ್ಳೆಯ ಮಾತ್ರೆಗಳಿವೆ ಎಂದೆ. ಯಾರಿಗೂ ಹೇಳುವುದಿಲ್ಲ ಎಂದೂ ಸೇರಿಸಿದೆ. ಆ ಕೊನೆಯ ಮಾತಿಗೆ ಅವರ ಹುಬ್ಬು ಗಂಟಿಕ್ಕಿತು. ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು ಅಲ್ಲಿಂದಲೇ ಕ್ಲಬ್ಬಿನ ಕಾರ್ಯದರ್ಶಿಯ ಬಳಿಗೆ ನಡೆದರು. ಕೈ ಹಿಡಿತದಲ್ಲಿಲ್ಲ, ಇನ್ನು ಮುಂದೆ ನನಗೆ ಗುಂಡು ಕೊಡಬೇಡಿ ಎಂದರು. ಕಾರ್ಯದರ್ಶಿ ಪಾಪ, ಬಂದೂಕಿಗೆ ಆನಿಕೆ ಕೊಟ್ಟು ಒಂದೊಂದೇ ಗುಂಡು ಹಾಕಿ ಹೊಡೆಯಬಹುದಲ್ಲ ಎಂದರಂತೆ. ಭಾಗ್ಯಕ್ಕ ಒಪ್ಪಲಿಲ್ಲ. ಆಮೇಲೆ ಹಾಸನದ ಡಾಕ್ಟರು ಇದು ನರಗಳ ಕಾಯಿಲೆ, ನಿಧಾನಕ್ಕೆ ಹೆಚ್ಚುತ್ತದೆ ಎಂದರು. ಅದೇ ತಿಂಗಳು ರೈಫಲ್ಲನ್ನು ಶಿವಲಿಂಗಪ್ಪನವರ ಅಂಗಡಿಗೆ ಒಪ್ಪಿಸಿ, ಲೈಸೆನ್ಸು ರದ್ದು ಮಾಡಿಸಿದರು. ಮೈದುನಂದಿರಿಗೆ ಕೊಡಲಿಲ್ಲ.

ಭಾನುವಾರ ಬರುವುದನ್ನು ಮಾತ್ರ ಬಿಡಲಿಲ್ಲ. ಜೀಪು ಓಡಿಸುವಂತಿರಲಿಲ್ಲವಾದ್ದರಿಂದ ಬಸ್ಸಿನಲ್ಲಿ ಬರುವರು. ನಮ್ಮ ಹಿಂದೆ ಓಡಾಡುತ್ತ, ಬೋಲ್ಟ್ ಪೂರ್ತಿ ಎಳೀ, ಪೂರ್ತಿ ಎಳೀ ಎಂದು ಎಲ್ಲರ ತಲೆ ತಿನ್ನುವರು. ಹೆಜ್ಜೆ ಚಿಕ್ಕದಾಗುತ್ತ ಬಂತು. ಒಂದು ಮಳೆಗಾಲದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಹೊಳೆನರಸೀಪುರದಲ್ಲಿದ್ದ ತಂಗಿ ಗಿರಿಜಮ್ಮ ಬಂದು ತಮ್ಮ ಮನೆಗೆ ಕರೆದೊಯ್ದರು.

ರಾಜ್ಯಮಟ್ಟದ ಸ್ಪರ್ಧೆಗೆ ನಾನು ಆಯ್ಕೆಯಾದಾಗ ಹೇಳಿಬರಲು ಅಲ್ಲಿಗೆ ಹೋದೆ. ಹಾಲ್‌ನಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದರು. ನನ್ನ ಆಯ್ಕೆಯ ವಿಷಯಕ್ಕೆ ತಲೆಯಾಡಿಸಿ, ಯಾವ ಮ್ಯಾಗಜಿನ್ ಒಯ್ಯುತ್ತೀಯ ಎಂದು ಕೇಳಿದರು. ಹೇಳಿದೆ. ಅದರ ಸ್ಪ್ರಿಂಗಿಗೆ ಎಷ್ಟು ವಯಸ್ಸಾಯಿತು ಎಂದು ಕೇಳಿದರು. ಊಟ ಮಾಡಿಸಿದರು. ಹೊರಟಾಗ ಗಿರಿಜಮ್ಮ ಎಷ್ಟು ಬೇಡವೆಂದರೂ ಕೇಳದೆ ಬಸ್ಸು ನಿಲ್ಲುವಲ್ಲಿಯವರೆಗೆ ನನ್ನ ತೋಳು ಹಿಡಿದು ಬಂದರು. ಬಸ್ಸು ತಡವಾಯಿತು. ಇವರಿಗೆ ನನಗಿಂತ ಹೆಚ್ಚು ಚಡಪಡಿಕೆ. ಬಂದೊಡನೆ, ಓಗು, ಅತ್ಕೋ, ನಿಂತ್ಕಬ್ಯಾಡ ಎಂದು ನನ್ನನ್ನು ದೂಡಿದರು.

ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಟಾಗ ಅವರಿಗೆ ಏನೋ ಹೊಳೆದಿರಬೇಕು. ಬಸ್ಸಿನ ಜೊತೆಗೇ ಪುಟ್ಟ ಹೆಜ್ಜೆ ಹಾಕುತ್ತ, ಮುಖವೆತ್ತಿ ಏನೋ ಹೇಳತೊಡಗಿದರು. ಇಂಜಿನ್ನಿನ ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ನಾನು ಕಿವಿಯ ಹತ್ತಿರ ಕೈ ಹಿಡಿದು ಇನ್ನೊಮ್ಮೆ ಹೇಳಿ ಎಂದೆ. ಅಷ್ಟರಲ್ಲಿ ಬಸ್ಸು ತಿರುಗಿತು.

ಸಂಜೆ ಮನೆ ಮುಟ್ಟಿ ಫೋನ್ ಮಾಡಿ ಕೇಳಿದೆ.

"ಏನೋ ಯೋಳ್ದೆ ಕಣಮ್ಮಿ, ಮುಖ್ಯವಾದ್ದೇಯ. ಈಗ ಮರ್ತೋಗದೆ. ನೆಪ್ಪಾದ್ರೆ ನಾನೇ ಫೋನ್ ಮಾಡ್ತೀನಿ" ಎಂದರು.

ಸ್ಪರ್ಧೆ ಮುಗಿಸಿ ಬಂದು ಕೆಲವು ದಿನಗಳಾಗಿದ್ದವು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದಾಗ ಅವರ ನಂಬರಿನಿಂದ ಫೋನ್ ಬಂತು. ನಾನು ನಗುತ್ತಲೇ ಎತ್ತಿಕೊಂಡು, "ನೆನಪಾಯ್ತೇನಕ್ಕಾ?" ಎಂದೆ.

ಆ ಕಡೆ ಗಿರಿಜಮ್ಮ ಇದ್ದರು. ಅಕ್ಕ ಬೆಳಗಿನ ಜಾವ ತೀರಿಕೊಂಡರು ಎಂದರು.