ಪಾತಿಗೆ ಬೆರಳಿಟ್ಟು ನೋಡುವ ಉಮಾಮಹೇಶ್ವರಿಯವರು

ಬೆಂಗಳೂರಿನ ಸಸ್ಯಶಾಸ್ತ್ರದ ಅಧ್ಯಾಪಕ ವಲಯದಲ್ಲಿ ಡಾ. ಉಮಾಮಹೇಶ್ವರಿಯವರದು ಎಲ್ಲರೂ ಗೌರವದಿಂದ, ಅವರೆದುರಿಗೆ ಕೊಂಚ ಎಚ್ಚರದಿಂದಲೂ ಹೇಳುವ ಹೆಸರು. ಬೇರೆಯವರು ವಿದ್ವತ್ತಿನಿಂದಲೋ ವಾಗ್ಮಿತೆಯಿಂದಲೋ ಕೀರ್ತಿ ಗಳಿಸಿದರೆ, ಇವರು ಆ ಎರಡರ ಜೊತೆಗೆ ಯಾರನ್ನೂ ಸುಲಭವಾಗಿ ನಂಬದೆಯೂ ಗಳಿಸಿದರು. ಇದನ್ನು ಅವರ ನಿವೃತ್ತಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಬರೆಯಬಹುದೇ ಎಂದು ಸಂಪಾದಕರು ಹಿಂಜರಿದರು. ಬರೆಯದಿದ್ದರೆ ಏನೋ ಮುಚ್ಚಿಡುತ್ತಿದ್ದೇವೆಂದು ಮೇಡಂ ಅವರೇ ಅನುಮಾನಪಡುತ್ತಾರೆ.

ಬನಶಂಕರಿಯ ಆಚೆಗಿರುವ ನಮ್ಮ ವಿಶ್ವವಿದ್ಯಾಲಯದಲ್ಲಿ, ಹಾಸ್ಟೆಲಿನ ಹಿಂದಿನ ಪಾಳುಜಾಗದಲ್ಲಿ, 1974ರಲ್ಲಿ ಅವರು ವಿದ್ಯಾರ್ಥಿಗಳ ತೋಟ ಆರಂಭಿಸಿದರು. ಮೆಸ್ಸಿನಲ್ಲಿ ಅಕ್ಕಿ ತೊಳೆದ ನೀರು ತೋಟಕ್ಕೆ, ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ, ಬೆಳೆದ ಸೊಪ್ಪು ಮತ್ತೆ ಮೆಸ್ಸಿಗೆ. ಬೀಜವನ್ನು ಹಿಂದಿನ ಬೆಳೆಯಿಂದಲೇ ಎತ್ತಿಡಬೇಕು. ನೀರು ಹಾಕಿದ್ದೇವೆಂದು ಯಾರೇ ಹೇಳಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಪಾತಿಗೆ ತೋರುಬೆರಳು ಇಳಿಸಿ ನೋಡಿಯೇ ಏಳುತ್ತಿದ್ದರು. ಆ ಬೆರಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಾವಾರೂ ಕಂಡಿಲ್ಲ.

ಎಲ್ಲಕ್ಕಿಂತ ಬಿಗಿಯಾದ ಕಟ್ಟಳೆಯೆಂದರೆ ಪಾತಿ ಖಾಲಿ ಬಿಡಕೂಡದು. ಸುತ್ತಲೂ ಬಡಾವಣೆಗಳು ಏಳುತ್ತಿದ್ದ ಕಾಲ. ಖಾಲಿ ಕಂಡಲ್ಲೆಲ್ಲ ಯಾರಾದರೊಬ್ಬರು ಟೇಪು ಹಿಡಿದು ಬರುತ್ತಿದ್ದರು. ಆದ್ದರಿಂದ ಒಂದು ಬೆಳೆ ಕೀಳುವ ಮೊದಲೇ ಸಾಲಿನ ನಡುವೆ ಮುಂದಿನದರ ಸಸಿ ಇರಬೇಕು. ರಜೆಗೆ ಊರಿಗೆ ಹೋಗುವವರು ತಮ್ಮ ಪಾತಿಯನ್ನು ಜಯನಗರದಿಂದಲೋ ಚಿಕ್ಕಲಸಂದ್ರದಿಂದಲೋ ಬರುವ ಸಹಪಾಠಿಗೆ ಒಪ್ಪಿಸಿಯೇ ಬಸ್ಸು ಹತ್ತಬೇಕು.

ಆ ಸಂಶಯದ ಕಣ್ಣಿಗೆ ಬೇರೆಯವರು ಕಾಣದ್ದೂ ಕಾಣುತ್ತಿತ್ತು. ಚಿಕ್ಕಲಸಂದ್ರದಿಂದ ನಡೆದು ಬರುತ್ತಿದ್ದ ಅಂಕಮ್ಮ ಎಂಬ ವಿದ್ಯಾರ್ಥಿನಿ, ಸಂಜೆ ನೀರು ಹಾಕುವ ಸರದಿಯನ್ನು ಎಲ್ಲರಿಂದಲೂ ಕೇಳಿ ಪಡೆಯುತ್ತಿದ್ದಳು. ಇಷ್ಟು ಉತ್ಸಾಹ ಮೇಡಂಗೆ ಸರಿಕಾಣಲಿಲ್ಲ. ಒಂದು ಸಂಜೆ ಅವರೆ ಚಪ್ಪರದ ಮರೆಯಲ್ಲಿ ನಿಂತು ನೋಡಿದರೆ, ಹುಡುಗಿ ಟೊಮೇಟೊ ಕಿತ್ತು ಕಿತ್ತು ಗಬಗಬನೆ ತಿನ್ನುತ್ತಿದ್ದಳು. ಕಳ್ಳತನ ಹಿಡಿಯಲು ಹೋದವರಿಗೆ ಕಂಡದ್ದು ಹಸಿವು. ಸದ್ದು ಮಾಡದೆ ಹಿಂದಿರುಗಿದರು. ಮರುದಿನದಿಂದ ಹೊಸ ನಿಯಮ ಬಂತು: ಸಂಜೆಯ ಸರದಿಯವರು ಮೆಸ್ಸಿನಲ್ಲಿ ಊಟ ಮಾಡಿಯೇ ನೀರು ಹಾಕಬೇಕು, ಹಸಿದವರು ಗಡಿಬಿಡಿಯಲ್ಲಿ ಬೇರು ಕೊಚ್ಚಿಹೋಗುವಂತೆ ಸುರಿಯುತ್ತಾರೆ. ಕಾರಣ ಅದಲ್ಲವೆಂದು ಅಂಕಮ್ಮನಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

1982ರಲ್ಲಿ ಕುಲಸಚಿವ ಗುರುಬಸಪ್ಪನವರು ತೋಟವನ್ನು ಬಾಯ್ತುಂಬ ಹೊಗಳಿ, ಮೇ ತಿಂಗಳಲ್ಲಿ ಉಮಾಮಹೇಶ್ವರಿಯವರಿಗೆ ಸನ್ಮಾನವೆಂದು ಪ್ರಕಟಿಸಿದರು. ಮೇಡಂ ಅವರ ಕಿವಿ ನೆಟ್ಟಗಾಯಿತು. ಹಿಂದಿನ ವರ್ಷ ಕ್ರೀಡಾ ವಿಭಾಗದ ಜಯದೇವಪ್ಪನವರಿಗೆ ಪೇಟ ತೊಡಿಸಿದ ಮರುವಾರವೇ ಖೊಖೊ ಅಂಕಣ ಸ್ಕೂಟರ್ ಸ್ಟ್ಯಾಂಡ್ ಆಗಿತ್ತು. ಹಾಸ್ಟೆಲ್ ಖಾಲಿಯಿರುವ ರಜೆಯಲ್ಲೇ ಸನ್ಮಾನವೇಕೆ? ಅವರು ಊರಿಗೆ ಹೋಗದೆ ಉಳಿದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಾತಿ ಪಾತಿಗೂ ದಂಟು, ಮೆಂತ್ಯ ಹಾಕಿಸಿದರು. ಶಾಲು ಬಂತು, ಹಾರ ಬಂತು. ಸಭೆ ಮುಗಿಯುತ್ತಲೇ ಅತಿಥಿಗೃಹ ಕಟ್ಟಲೆಂದು ಖಾಲಿ ಜಾಗ ಅಳೆಯಲು ಎಂಜಿನಿಯರೂ ಬಂದರು. ಕಾಲಿಡಲು ತೆರಪಿಲ್ಲದ ಹಸಿರಿನ ಮುಂದೆ ಟೇಪು ಬಿಚ್ಚಲಾಗದೆ ನಿಂತರು.

“ರಜೆಯಲ್ಲೂ ಬಿಡೋದಿಲ್ವಾ ಮೇಡಂ?” ಎಂದರು ಗುರುಬಸಪ್ಪನವರು.

“ರಜೆ ಹುಡುಗರಿಗೆ ಸಾರ್, ಸೊಪ್ಪಿಗಲ್ಲ,” ಎಂದು ಇವರು ಶಾಲು ಮಡಿಚಿದರು. ಅತಿಥಿಗೃಹ ಬೇರೆಲ್ಲೋ ಎದ್ದಿತು.

ಈ ವರ್ಷ, 1988ರಲ್ಲಿ, ಅವರ ನಿವೃತ್ತಿ. ಈ ಗ್ರಂಥದ ಸುದ್ದಿ ತಿಳಿಸಲು ಹೋದವರು ಅದೇ ಅಂಕಮ್ಮ, ಈಗ ಅವರದೇ ವಿಭಾಗದ ಅಧ್ಯಾಪಕಿ. ಸುದ್ದಿ ಕೇಳಿ ಮೇಡಂ ಅವರ ಮುಖ ಬಿಗಿಯಿತು.

“ಮತ್ತೆ ಶಾಲಾ? ಈ ಸಲ ತೋಟದ ಮೇಲೆ ಯಾರ ಕಣ್ಣು?”

“ನಂದೇ ಮೇಡಂ. ತೋಟದ ಬೀಗದಕೈ ನನಗೆ ಕೊಡಿ.”

ಅವರು ತೋಟಕ್ಕಿಳಿದು, ಅಂಕಮ್ಮನವರು ನೋಡಿಕೊಳ್ಳುತ್ತಿದ್ದ ಪಾತಿಗಳಿಗೆಲ್ಲ ಬೆರಳಿಟ್ಟರು. ಆಮೇಲೆ ಸೆರಗಿನ ಗಂಟು ಬಿಚ್ಚಿದರು. “ಊಟ ಮಾಡ್ಕೊಂಡೇ ನೀರು ಹಾಕ್ಬೇಕು,” ಎಂದು ಬೀಗದಕೈ ಕೊಟ್ಟರು.

ಉಮಾಮಹೇಶ್ವರಿಯವರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ. ನಿವೃತ್ತಿಯ ನಂತರವೂ ತೋಟಕ್ಕೆ ಬರುತ್ತಿರಲಿ. ನೀರು ಹಾಕಿದ್ದೇವೆಂದು ನಾವು ಹೇಳುತ್ತೇವೆ, ಅವರು ನಂಬದಿರಲಿ.